ಹರಿಗೋಲು ಹತ್ತದ ಮುದುಕಿ

ಅಂಗೈಯಿಂದ ಮನಸ್ಸು ಓದುವ ಕುರ್ಚಿಯನ್ನು ಕಂಡುಹಿಡಿದವರು ಗಂಗಾವತಿಯವರಲ್ಲ. ಅದು ಹೊರಗಿನಿಂದ ಬಂತು. ಬಂದ ವರ್ಷವೇ ಊರಿನ ಒಂದು ಹಳೆಯ ಚಿತ್ರಮಂದಿರ ಬಾಗಿಲು ಹಾಕಿ, ಬಣ್ಣ ಬಳಿಸಿಕೊಂಡು, ಪರೀಕ್ಷಾ ಮಂದಿರವಾಗಿ ಮತ್ತೆ ತೆರೆಯಿತು. ಒಳಗೆ ಮುನ್ನೂರ ಹನ್ನೆರಡು ಕುರ್ಚಿಗಳು. ಪ್ರತಿ ಕುರ್ಚಿಯ ಎರಡೂ ತೋಳುಗಳ ಮೇಲೆ ಕಪ್ಪು ರಬ್ಬರಿನ ಪಟ್ಟಿ. ನೋಡುವವರು ಅದರ ಮೇಲೆ ಅಂಗೈ ಊರಿ ಕೂರಬೇಕು. ಪಟ್ಟಿ ನಾಡಿ ಎಣಿಸುತ್ತದೆ, ಬೆವರು ಅಳೆಯುತ್ತದೆ, ಹಿಡಿತ ಬಿಗಿಯಾಯಿತೋ ಸಡಿಲವಾಯಿತೋ ಗಮನಿಸುತ್ತದೆ. ಮುಖದ ಮೇಲೆ ಕ್ಯಾಮೆರಾ ಇಡಬಾರದೆಂದು ಕಾನೂನು ಬಂದಿತ್ತು. ಅಂಗೈಯ ಬಗ್ಗೆ ಕಾನೂನು ಏನೂ ಹೇಳಿರಲಿಲ್ಲ.

ಚಿತ್ರೀಕರಣ ಮುಗಿದ ಸಿನಿಮಾವನ್ನು ಈ ಕುರ್ಚಿಗಳಲ್ಲಿ ಕೂತವರಿಗೆ ಏಳು ಸಲ ತೋರಿಸುತ್ತಾರೆ, ಪ್ರತಿ ಸಲವೂ ಕಡಿಯದ ಪೂರ್ತಿ ಪ್ರತಿಯಿಂದಲೇ ಶುರು. ಜನರಿಗೆ ಹಿಡಿಸಿದ ದೃಶ್ಯವನ್ನು ಯಂತ್ರ ಇಟ್ಟುಕೊಳ್ಳುತ್ತದೆ. ಹಿಡಿಸದ ದೃಶ್ಯವನ್ನು ಆ ಕ್ಷಣದಲ್ಲೇ ಕಡಿದು ಮುಂದಿನದಕ್ಕೆ ಹಾರುತ್ತದೆ. ಏಳನೆಯ ಸಲ ಏನು ಉಳಿಯುತ್ತದೋ ಅದೇ ಸಿನಿಮಾ. ನಿರ್ದೇಶಕನೆಂಬ ಮನುಷ್ಯ ಇನ್ನೂ ಇದ್ದ, ಪೋಸ್ಟರಿನಲ್ಲಿ ಅವನ ಹೆಸರೂ ಇರುತ್ತಿತ್ತು. ಕೊನೆಯ ಮಾತು ಮಾತ್ರ ಕುರ್ಚಿಗಳದು.

ಆ ಕುರ್ಚಿಗಳ ಪಟ್ಟಿ ಹರಿದರೆ, ತಂತಿ ಕಡಿದರೆ ಸರಿಮಾಡುವ ಕೆಲಸ ಪಂಪಾಪತಿಯದು. ನಲವತ್ತೆಂಟು ವಯಸ್ಸು. ಇಪ್ಪತ್ತು ವರ್ಷ ಅಕ್ಕಿ ಗಿರಣಿಗಳ ಮೋಟಾರಿಗೆ ತಂತಿ ಸುತ್ತಿದ ಕೈ. ಗಿರಣಿಗಳ ಮೋಟಾರುಗಳು ಸುಡುವುದನ್ನೇ ಬಿಟ್ಟ ಮೇಲೆ ಇಲ್ಲಿಗೆ ಬಂದ. ಪರದೆಯ ಎದುರಿನ ಗೋಡೆಯ ಮೇಲ್ಭಾಗದಲ್ಲಿ ಗಾಜಿನ ಕೋಣೆಯೊಂದಿತ್ತು. ಅಲ್ಲಿ ಒಂದು ಫಲಕದ ಮೇಲೆ ಮುನ್ನೂರ ಹನ್ನೆರಡು ಸಣ್ಣ ಹಸಿರು ದೀಪಗಳು, ಪ್ರತಿ ದೀಪದ ಪಕ್ಕ ಆ ಕುರ್ಚಿಯ ಅಳತೆಗಳು. ಅಂಗೈ ಪಟ್ಟಿಯ ಮೇಲಿದ್ದರೆ ದೀಪ ಉರಿಯುತ್ತದೆ, ಎತ್ತಿದರೆ ಆರುತ್ತದೆ. ದೀಪ ಸುಮ್ಮನೆ ಆರಿದ್ದರೆ ತಂತಿ ಹೋಗಿದೆ ಎಂದರ್ಥ. ಅವನಿಗೆ ಬೇಕಾದದ್ದು ಅಷ್ಟೇ. ಸಿನಿಮಾ ಅವನಿಗೆ ಬೇಡವಾಗಿತ್ತು.

ಆ ವರ್ಷ ಪರೀಕ್ಷೆಗೆ ಬಂದ ಸಿನಿಮಾ ‘ಹೊಳೆದಾಟು’. ಅದು ಅವನ ಹೆಂಡತಿ ಹುಲಿಗೆಮ್ಮನ ಪ್ರಾಣ.

‘ಹೊಳೆದಾಟು’ ಇಪ್ಪತ್ತೆರಡು ವರ್ಷದ ಹಿಂದೆ ಮೊಬೈಲಿಗೆ ಬಂದ ಕನ್ನಡದ ಆಟ. ಸೇತುವೆ ಕುಸಿದ ಒಂದು ಹೊಳೆ. ಆಡುವವರೇ ಅಂಬಿಗರು. ಪರದೆಯ ಕೆಳಗೆ ಎರಡು ಕೈ, ಒಂದು ಹುಟ್ಟು, ಹರಿಗೋಲಿನ ದುಂಡನೆಯ ಅಂಚು, ಇಷ್ಟೇ ಕಾಣುತ್ತದೆ. ಮದುವೆ ದಿಬ್ಬಣ, ಬಾಣಂತಿ, ಪೊಲೀಸು, ಪೊಲೀಸರಿಂದ ತಪ್ಪಿಸಿಕೊಂಡವನು, ಎಲ್ಲರನ್ನೂ ದಾಟಿಸಬೇಕು. ಕೊನೆಗೆ ಒಬ್ಬ ಮುದುಕಿ ಮೇಕೆ ಹಿಡಿದುಕೊಂಡು ಬಂದು ದಡದಲ್ಲಿ ನಿಲ್ಲುತ್ತಾಳೆ. ಹತ್ತುವುದಿಲ್ಲ. ಹುಟ್ಟು ಅಲುಗಿಸಿದರೆ, ಪರದೆಯನ್ನು ಎಲ್ಲಿಯಾದರೂ ಮುಟ್ಟಿದರೆ, ತಿರುಗಿ ಹೋಗಿಬಿಡುತ್ತಾಳೆ. ಏನನ್ನೂ ಮುಟ್ಟದೆ ಹನ್ನೊಂದು ನಿಮಿಷ ಕಾದರೆ ಮಾತ್ರ ಹತ್ತುತ್ತಾಳೆ. ಇದನ್ನು ಆಟ ಎಲ್ಲಿಯೂ ಹೇಳುವುದಿಲ್ಲ. ಆಡುವವರ ಹೆಬ್ಬೆರಳಿನ ಗುರುತನ್ನು ಅದು ಇಟ್ಟುಕೊಳ್ಳುತ್ತಿತ್ತು. ಒಂದು ಹೆಬ್ಬೆರಳಿಗೆ ಒಂದೇ ಮುದುಕಿ. ಹೋದವಳು ಮತ್ತೆ ಬರುವುದಿಲ್ಲ.

ಹೀಗಾಗಿ ಆಡುವವರಲ್ಲಿ ಒಂದು ಪದ್ಧತಿ ಹುಟ್ಟಿಕೊಂಡಿತು. ಮುದುಕಿ ಬಂದ ಕೂಡಲೇ ಮೊಬೈಲನ್ನು ಬೋರಲು ಹಾಕಿದ ಬೋಗುಣಿಯ ಮೇಲಿಟ್ಟು, ಎದುರಿಗೆ ಒಬ್ಬರೇ ಕೂತು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುವುದು. ಮನಸ್ಸು ಗಟ್ಟಿಯಿದ್ದರೂ ಬೆರಳು ತಾನಾಗಿ ಹೋಗಿ ಮುಟ್ಟಿಬಿಡುತ್ತದೆ ಎಂಬ ಭಯ. ಎಷ್ಟು ಹೊತ್ತು ಕಾಯಬೇಕೆಂದು ಹೇಳಿಕೊಡಬಹುದು; ಆದರೆ ಮುದುಕಿ ಹತ್ತಿದ್ದನ್ನು ಕಂಡವರು, ಹೇಗೆ ಹತ್ತಿದಳೆಂದು ಕಾಣದವರಿಗೆ ಹೇಳಬಾರದು. ಇನ್ನೊಂದು ಮೊಬೈಲಿನಲ್ಲಿ ಅದನ್ನು ಚಿತ್ರ ತೆಗೆದವರನ್ನು ಆಡುವವರ ಬಳಗದವರು ಬೈದು ಓಡಿಸುತ್ತಿದ್ದರು.

ಮದುವೆಯಾದ ವರ್ಷ ಹುಲಿಗೆಮ್ಮನ ಮೊಬೈಲಿಗೂ ಮುದುಕಿ ಬಂದಿದ್ದಳು. ಅತ್ತೆಮನೆಯ ಅಡುಗೆಕೋಣೆಯಲ್ಲಿ ಕೈ ಕಟ್ಟಿ ಕೂತಿದ್ದಳು. ಒಂಬತ್ತನೆಯ ನಿಮಿಷಕ್ಕೆ ಪಂಪಾಪತಿ ನೀರು ಕುಡಿಯಲು ಒಳಗೆ ಬಂದ. ಮೊಬೈಲ್ ಅಲುಗಾಡದೆ ನಿಂತಿದೆ, ಹೆಂಡತಿ ಅದನ್ನೇ ನೋಡುತ್ತಾ ಕೂತಿದ್ದಾಳೆ. ಬಗ್ಗಿ ಬೆರಳಿನಿಂದ ತಿವಿದ.

“ಹ್ಯಾಂಗ್ ಆಗೈತೇನೋ ಅಂತ ನೋಡಿದೆ” ಎಂದ.

ಆ ಮಾತನ್ನು ಅವಳು ಇಪ್ಪತ್ತೊಂದು ವರ್ಷದಲ್ಲಿ ಎಷ್ಟು ಸಲ ಅವನಿಗೇ ತಿರುಗಿಸಿ ಹೇಳಿದ್ದಳೋ ಲೆಕ್ಕವಿಲ್ಲ. ಅವನು ಅನ್ನ ಸೀಯಿಸಿದರೆ, ಬಸ್ಸು ತಪ್ಪಿಸಿದರೆ, ಹ್ಯಾಂಗ್ ಆಗೈತೇನೋ ಅಂತ ನೋಡಿದ್ರೇನು ಎನ್ನುತ್ತಿದ್ದಳು. ಜಗಳವಲ್ಲ. ಆದರೆ ಮರೆತೂ ಇರಲಿಲ್ಲ.

*

ಹುಲಿಗೆಮ್ಮ ಸೀರೆಗಳಿಗೆ ಫಾಲ್ ಹಚ್ಚುವ ಅಂಗಡಿ ಇಟ್ಟಿದ್ದಳು. ಸಿನಿಮಾ ಬರುವ ಸುದ್ದಿ ತಿಳಿದ ದಿನದಿಂದ ಅದೇ ಬಳಗದ ಕಚೇರಿಯಾಯಿತು. ಶಾಲೆಯ ವ್ಯಾನು ಓಡಿಸುವ ಶೇಕ್ಷಾವಲಿ ಮಕ್ಕಳನ್ನು ಇಳಿಸಿ ನೇರ ಅಲ್ಲಿಗೇ ಬರುತ್ತಿದ್ದ. ಗೊಬ್ಬರದಂಗಡಿಯ ತಿಮ್ಮಾರೆಡ್ಡಿ ಸಂಜೆ ಬರುತ್ತಿದ್ದ. ಅವನು ಮುದುಕಿ ಹತ್ತಿದ್ದನ್ನು ಕಂಡವನು. ಊರಲ್ಲಿ ಅಂಥವರು ನಾಲ್ಕೈದು ಜನ ಇರಬಹುದು. ಅದಕ್ಕೇ ಅವನ ಮಾತಿಗೆ ತೂಕ ಜಾಸ್ತಿ, ಅವನಿಗೆ ಗತ್ತೂ ಜಾಸ್ತಿ.

“ಆಟದಾಗ ಅಂಬಿಗಗ ಮುಖಾನ ಇಲ್ಲ. ಬರೇ ಕೈ. ಆ ಕೈ ನಮ್ಮವು. ಸಿನಿಮಾದಾಗ ಯಾವನ್ದೋ ಮುಖ ತಂದು ಕುಂದ್ರಸ್ತಾರ” ಎಂದ ತಿಮ್ಮಾರೆಡ್ಡಿ. “ಅಲ್ಲಿಗೆ ಮುಗೀತು.”

“ಮುಖ ಬರಲಿ ಬಿಡ್ರಿ ರೆಡ್ಡ್ಯಾರ” ಎಂದ ಶೇಕ್ಷಾವಲಿ. “ನಂಗ ಭಯ ಇರೋದು ಹಾಡಿಂದು. ಹರಿಗೋಲಿನ್ಯಾಗ ನಿಂತು ಹೀರೋ ಡ್ಯಾನ್ಸ್ ಮಾಡಿದ್ರ, ನಾ ಅಲ್ಲೇ ಎದ್ದು ಬರ್ತೀನಿ.”

“ಹರಿಗೋಲಿನ್ಯಾಗ ನಿಂತು ಕುಣಿದ್ರ ಅಂವನ ಹೊಳ್ಯಾಗ ಹೋಗ್ತಾನ. ಒಳ್ಳೇದ ಆತು” ಎಂದಳು ಹುಲಿಗೆಮ್ಮ, ಹಲ್ಲಿನಲ್ಲಿ ದಾರ ಕಡಿಯುತ್ತಾ. “ಹಾಡು ಹಾಕಲಿ, ಹೊಡೆದಾಟ ಹಾಕಲಿ. ಮುದುಕಿ ಒಬ್ಬಾಕೀನ ಬಿಟ್ರ ಸಾಕು. ಹನ್ನೊಂದು ನಿಮಿಷ ಪೂರ್ತಿ ಬೇಕು.”

“ಹನ್ನೊಂದು ನಿಮಿಷ ಯಾರೂ ಮಾತಾಡದ ಸಿನಿಮಾ ಯಾವನು ತೆಗೀತಾನಕ್ಕ?”

“ತೆಗದಾರಂತ. ಪೇಪರಿನ್ಯಾಗ ಬಂದೈತಿ.”

“ತೆಗಿಯೋದು ಬ್ಯಾರೆ, ಬಿಡೋದು ಬ್ಯಾರೆ” ಎಂದ ತಿಮ್ಮಾರೆಡ್ಡಿ. “ಇನ್ನೊಂದು ಮಾತು. ಸಿನಿಮಾದವರು ಆಟದ ಹಕ್ಕನ್ನೂ ಕೊಂಡಾರ. ಸಿನಿಮಾ ಹೆಂಗ ಬರತೈತೋ ಆಟಾನೂ ಹಂಗ ತಿದ್ದತಾರಂತ. ಸಿನಿಮಾದಾಗ ಮುದುಕಿ ಹೋದ್ಲು ಅಂದ್ರ ಆಟದಾಗೂ ಹೋದ್ಲು. ಇನ್ನ ಮ್ಯಾಲೆ ಹುಟ್ಟೋ ಯಾರಿಗೂ ಸಿಗಂಗಿಲ್ಲ ಆಕಿ.”

ಹುಲಿಗೆಮ್ಮ ಸೂಜಿ ನಿಲ್ಲಿಸಿದಳು. ಬಳಗದವರು ಬೇರೆ ಬೇರೆ ಕಾರಣಕ್ಕೆ ಹೆದರಿದ್ದರು. ಅವಳಿಗೆ ಒಂದೇ ಕಾರಣ. ಅವಳ ಹೆಬ್ಬೆರಳಿಗೆ ಮುದುಕಿ ಇನ್ನು ಬರುವಂತಿಲ್ಲ. ಅವಳು ಹತ್ತುವುದನ್ನು ನೋಡಲು ಉಳಿದ ದಾರಿ ಈ ಸಿನಿಮಾ ಮಾತ್ರ.

ಕಂಪನಿಯವರು ಪರೀಕ್ಷೆಗೆ ಆಟದ ಅಭಿಮಾನಿಗಳೇ ಬೇಕೆಂದರು. ಅಭಿಮಾನಿಗಳಿಗೆ ಹಿಡಿಸಿದರೆ ಉಳಿದವರಿಗೆ ಹಿಡಿಸಿದಂತೆಯೇ ಎಂದು ಅವರ ಎಣಿಕೆ. ಸುತ್ತಲಿನ ನಾಲ್ಕು ತಾಲೂಕುಗಳಿಂದ ಮುನ್ನೂರ ಹನ್ನೆರಡು ಜನರನ್ನು ಆರಿಸಿದರು. ಏಳು ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಅದೇ ಜನ, ಅದೇ ಕುರ್ಚಿ. ಹುಲಿಗೆಮ್ಮನದು ಮೂರನೆಯ ಸಾಲಿನ ಹದಿನಾಲ್ಕನೆಯದು. ಯಂತ್ರ ಏನನ್ನು ಹೇಗೆ ಅಳೆಯುತ್ತದೆಂದು ಯಾರಿಗೂ ಹೇಳಬಾರದು ಎಂದು ಪಂಪಾಪತಿಯಿಂದ ಕಂಪನಿ ಸಹಿ ಹಾಕಿಸಿಕೊಂಡಿತ್ತು. ಗೊತ್ತಾದರೆ ಜನ ನಾಟಕ ಮಾಡುತ್ತಾರೆ, ಅಳತೆ ಕೆಡುತ್ತದೆ.

*

ಮೊದಲ ಭಾನುವಾರ ಸಿನಿಮಾ ಚೆನ್ನಾಗಿಯೇ ನಡೆಯಿತು. ಅಂಬಿಗನಿಗೆ ಮುಖ ಇತ್ತು. ಐದು ನಿಮಿಷ ಗೊಣಗಿ ಜನ ಅದಕ್ಕೆ ಹೊಂದಿಕೊಂಡರು. ಹಾಡು ಒಂದೇ ಇತ್ತು, ಅದೂ ದಿಬ್ಬಣದವರು ಹೇಳುವುದು. ಕೊನೆಗೆ ಮುದುಕಿ ಬಂದಳು. ನಿಜವಾದ ಮುದುಕಿಯನ್ನೇ ಹುಡುಕಿ ತಂದಿದ್ದರು, ಮೇಕೆಯೂ ನಿಜವಾದದ್ದು. ಜನರಿಂದ ಒಂದು ಉಸಿರು ಹೊರಟಿತು. ಮೂರು ನಿಮಿಷ ಕಳೆಯಿತು. ಇದ್ದಕ್ಕಿದ್ದಂತೆ ಪರದೆಯ ಮೇಲೆ ಹೊಸ ಸೇತುವೆಯ ಉದ್ಘಾಟನೆ ಬಂತು, ಬ್ಯಾಂಡು ಬಾರಿಸಿದರು, ಸಿನಿಮಾ ಮುಗಿಯಿತು.

“ಏಯ್! ಮುದುಕಿ ಎಲ್ಲೋ?” ಎಂದು ಹಿಂದಿನಿಂದ ಯಾರೋ ಕೂಗಿದರು.

ಎರಡನೆಯ ಭಾನುವಾರ ಎರಡು ನಿಮಿಷಕ್ಕೆ ಸೇತುವೆ ಬಂತು. ಮೂರನೆಯದರಲ್ಲಿ ಒಂದೂಕಾಲು. ಐದನೆಯದರಲ್ಲಿ ನಲವತ್ತು ಸೆಕೆಂಡು. ಅಭಿಮಾನಿಗಳು ನಿರ್ದೇಶಕನಿಗೆ ಹಿಡಿಶಾಪ ಹಾಕಿದರು, ಪತ್ರ ಬರೆದರು, ಪೇಪರಿನಲ್ಲಿ ಹೇಳಿಕೆ ಕೊಟ್ಟರು. ನಿರ್ದೇಶಕ ತಾನೇನೂ ಮುಟ್ಟಿಲ್ಲ ಎಂದ. ಅವನು ಹೇಳಿದ್ದು ಸತ್ಯವೇ. ಸತ್ಯ ಹೇಳಿದ್ದಕ್ಕೇ ಅವನನ್ನು ಇನ್ನಷ್ಟು ಬೈದರು.

ಆರನೆಯ ಭಾನುವಾರ ಪಂಪಾಪತಿ ಗಾಜಿನ ಕೋಣೆಯಲ್ಲಿ ಫಲಕ ನೋಡುತ್ತಾ ನಿಂತಿದ್ದ. ಪಕ್ಕದಲ್ಲಿ ಯಂತ್ರದ ಮೇಲ್ವಿಚಾರಕಿ ವಿನೋದಿನಿ ಕೂತಿದ್ದಳು. ಮೈಸೂರಿನವಳು, ಮೂವತ್ತೈದು ವಯಸ್ಸು. ಮುದುಕಿ ಮೇಕೆ ಹಿಡಿದು ದಡಕ್ಕೆ ಬಂದ ಕೂಡಲೇ ದೀಪಗಳು ಆರತೊಡಗಿದವು. ಒಂದಲ್ಲ, ಎರಡಲ್ಲ. ಸಾಲುಸಾಲಾಗಿ. ಪಂಪಾಪತಿ ತಂತಿ ಹೋಯಿತೆಂದು ಟಾರ್ಚು ಹಿಡಿದು ಕೆಳಗೆ ಓಡಿದ. ಮಂದಿರದ ಬದಿಯ ಬಾಗಿಲು ತೆರೆದು ನೋಡಿದ.

ಮುನ್ನೂರು ಜನ ಬೆನ್ನು ನೆಟ್ಟಗೆ ಮಾಡಿ, ಕುರ್ಚಿಯ ಅಂಚಿಗೆ ಸರಿದು, ಎರಡೂ ಕೈಗಳನ್ನು ಹಿಂದೆ ಕಟ್ಟಿ ಕೂತಿದ್ದರು. ಅವನ ಹೆಂಡತಿಯೂ. ಯಾರೂ ಹೇಳಿಕೊಟ್ಟಿರಲಿಲ್ಲ. ಮುದುಕಿ ಬಂದಳು, ಕೈ ಹಿಂದೆ ಹೋದವು, ಅಷ್ಟೇ. ಹಿಂದಿನ ವಾರಗಳಲ್ಲಿ ದೃಶ್ಯ ಕಡಿದುಹೋದದ್ದಕ್ಕೆ ಈ ಸಲ ಇನ್ನೂ ಬೇಗ, ಇನ್ನೂ ಭಕ್ತಿಯಿಂದ ಕಟ್ಟಿಕೊಂಡಿದ್ದರು.

ಅರ್ಧ ನಿಮಿಷವೂ ಆಗದೆ ಸೇತುವೆ ಬಂತು.

ಅವನು ಮೇಲೆ ಓಡಿಬಂದ. “ಮೇಡಂ, ಕೈ ಎತ್ತಿದ್ರ ಯಂತ್ರ ಏನಂತ ತಿಳಕೊಂತೈತಿ?”

“ಅಂಗೈ ಇಪ್ಪತ್ತು ಸೆಕೆಂಡು ಪಟ್ಟಿ ಬಿಟ್ಟಿದ್ರೆ, ನೋಡೋರಿಗೆ ಬೇಜಾರಾಗಿದೆ ಅಂತ. ಎದ್ದು ಹೋಗೋರು, ಮೊಬೈಲ್ ತೆಗೆಯೋರು, ಪಕ್ಕದೋರ ಜೊತೆ ಮಾತಿಗೆ ತಿರುಗೋರು, ಎಲ್ಲರೂ ಮೊದಲು ಕೈ ಎತ್ತುತ್ತಾರೆ. ಅರ್ಧಕ್ಕಿಂತ ಹೆಚ್ಚು ಜನ ಎತ್ತಿದ್ರೆ ದೃಶ್ಯ ಕಟ್.”

“ಇವರಿಗೆ ಬ್ಯಾಸರ ಆಗಿಲ್ರೀ. ಇವರಿಗೆ ಬೇಕಾಗಿದ್ದ ಇದು. ಭಕ್ತಿಯಿಂದ ಕೈ ಕಟ್ಯಾರ.”

ವಿನೋದಿನಿ ಕೆಳಗೆ ನೋಡಿದಳು. ಮಂದಿರದ ದೀಪ ಹತ್ತಿತ್ತು, ಜನ ಕೂಗಾಡುತ್ತಿದ್ದರು. ಅವಳಿಗೆ ಅರ್ಥವಾಯಿತು. ಅದು ಮುಖದಲ್ಲಿ ಕಂಡಿತು.

“ಹದಿನೆಂಟು ದೇಶದ ಐವತ್ತು ಸಾವಿರ ಜನರ ಕೈ ನೋಡಿ ಮಾಡಿದ ನಿಯಮ ಪಂಪಾಪತಿಯವರೇ. ಅವರಲ್ಲಿ ಒಬ್ಬರೂ ಪ್ರೀತಿಗೆ ಕೈ ಎತ್ತಿಲ್ಲ.”

“ಇಲ್ಲಿ ಮುನ್ನೂರು ಮಂದಿ ಎತ್ಯಾರಲ್ರೀ!”

“ಪರೀಕ್ಷೆ ಶುರುವಾದ ಮೇಲೆ ನಿಯಮ ಬದಲಿಸೋ ಅಧಿಕಾರ ನಂಗಿಲ್ಲ. ಬರೆದು ಕಳಿಸ್ತೀನಿ. ಅವರು ಓದೋ ಹೊತ್ತಿಗೆ ಮುಂದಿನ ಭಾನುವಾರ ಕಳೆದಿರುತ್ತೆ.” ಅವನ ಕಡೆ ತಿರುಗಿ, “ನೀವು ಯಾರಿಗೂ ಹೇಳೋ ಹಾಗಿಲ್ಲ. ಸಹಿ ಹಾಕಿದ್ದೀರಿ” ಎಂದಳು.

*

ಅವನು ಅಂದು ಮಧ್ಯಾಹ್ನದ ಊಟಕ್ಕೆ ಕೂತಾಗಲೇ ಹೆಂಡತಿಗೆ ಹೇಳಿದ. ಗುಟ್ಟು ಇಟ್ಟುಕೊಳ್ಳುವ ಜಾತಿಯ ಮನುಷ್ಯನಲ್ಲ. ಮೋಟಾರು ಸುಟ್ಟಿದೆ ಎಂದು ಗೊತ್ತಾದ ಮೇಲೆ ಮಾಲೀಕನಿಗೆ ಸುತ್ತುಬಳಸಿ ಹೇಳಿದವನಲ್ಲ.

“ಕೈ ಎತ್ತಾಕತ್ತೀರಲ್ಲ, ಅದಕ್ಕ ಹೋಗಾಕತ್ತೈತಿ ನಿಮ್ಮ ಮುದುಕಿ. ಬರೋ ವಾರ ಕೈ ಪಟ್ಟಿ ಮ್ಯಾಲೆ ಇಡ್ರಿ. ಹನ್ನೊಂದು ನಿಮಿಷ. ಎತ್ತಬ್ಯಾಡ್ರಿ.”

ಹುಲಿಗೆಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಏನಂದ್ರಿ?”

“ಕೈ ಇಡ್ರಿ ಅಂದೆ.”

“ಮುದುಕಿ ನಿಂತಾಗ?”

“ಹೂಂ.”

“ಯಾರು ಹೇಳಾಕತ್ತಾರ ನೋಡು ಈ ಮಾತು!” ಹಿಟ್ಟಿನ ಕೈಯನ್ನು ಸೊಂಟಕ್ಕಿಟ್ಟುಕೊಂಡಳು. “ಒಂದ್ಸಲ ಮುಟ್ಟಿ ಕಳಿಸಿದ್ದು ಸಾಕಾಗಲಿಲ್ಲೇನು? ಈಗ ನನ್ನ ಕೈಯಿಂದ ಮುಟ್ಟಸ್ತೀರೇನು?”

“ಆಟ ಬ್ಯಾರೆ, ಇದು ಬ್ಯಾರೆ ಹುಲಿಗಿ. ಆಟದಾಗ ಮುಟ್ಟಿದ್ರ ಹೋಗ್ತಾಳ. ಇಲ್ಲಿ ಮುಟ್ಟಲಿಲ್ಲ ಅಂದ್ರ ಹೋಗ್ತಾಳ.”

“ಆಗೂ ನೀವು ಇಷ್ಟ ಗಟ್ಟಿಯಾಗಿ ಹೇಳಿದ್ರಿ. ಹ್ಯಾಂಗ್ ಆಗೈತಿ ಅಂತ.”

“ಆಗ ನಂಗ ಗೊತ್ತಿರಲಿಲ್ಲ!” ಅವನಿಗೂ ಸಿಟ್ಟು ಬಂತು. “ಇಪ್ಪತ್ತೊಂದು ವರ್ಷ ಅದನ್ನ ಕೇಳೀನಿ. ಒಂದ ಬೆರಳು, ಒಂದ ಸಲ. ಈಗ ಗೊತ್ತಿದ್ದ ಹೇಳಾಕತ್ತೀನಿ. ಇದನ್ನ ನಿಂಗ ಹೇಳಿದ್ದು ಮ್ಯಾಲಿನವರಿಗೆ ತಿಳೀತಂದ್ರ ನನ್ನ ನೌಕರಿ ಹೋಗತೈತಿ. ಸುಳ್ಳು ಹೇಳಾಕ ಯಾರಾದ್ರೂ ನೌಕರಿ ಕಳಕೊಂತಾರೇನು?”

ಹಂಚಿನ ಮೇಲಿನ ರೊಟ್ಟಿ ಕಪ್ಪಾಯಿತು. ಅದನ್ನು ತೆಗೆದು ಅವನ ತಟ್ಟೆಗೇ ಹಾಕಿದಳು. ಅವನು ತಿಂದ.

ಮೂರು ದಿನ ಅವಳು ಯೋಚಿಸಿದಳು. ನಾಲ್ಕನೆಯ ದಿನ ಅಂಗಡಿಯಲ್ಲಿ ಬಳಗದವರನ್ನು ಸೇರಿಸಿ ಹೇಳಿದಳು. ಗಂಡನ ಹೆಸರು ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ. ಅವನು ಎಲ್ಲಿ ಕೆಲಸ ಮಾಡುತ್ತಾನೆಂದು ಎಲ್ಲರಿಗೂ ಗೊತ್ತು.

ತಿಮ್ಮಾರೆಡ್ಡಿ ಎದ್ದೇ ನಿಂತ. “ಇದು ಕಂಪನಿಯವರ ಕುತಂತ್ರ. ನಾವಾಗಿ ಕೈ ಇಟ್ವಿ ಅಂದ್ರ, ನೋಡ್ರಿ, ಅಭಿಮಾನಿಗಳ ಮುಟ್ಯಾರ ಅಂತ ಜಗತ್ತಿಗೆಲ್ಲ ತೋರಸ್ತಾರ. ನಾನು ಕೈ ಕಟ್ಟಿ ಆಕೀನ ಹತ್ತಿಸಿದಾವ. ಸಾಯೋ ತನಕ ಕೈ ಕಟ್ಟಾಂವ.”

“ರೆಡ್ಡ್ಯಾರ, ನೀವು ನೋಡೀರಿ. ನಾವು ನೋಡಿಲ್ಲ” ಎಂದಳು ಹುಲಿಗೆಮ್ಮ. “ನಿಮ್ಮ ಹೊಟ್ಟಿ ತುಂಬೈತಿ.”

“ಅಂದ್ರ?”

“ಅಂದ್ರ, ನೀವು ಕಟ್ರಿ. ನಾನು ಇಡ್ತೀನಿ.”

“ಅಕ್ಕ, ನಂಗ ಎರಡೂ ಕೈ ಇಡಾಕ ಧೈರ್ಯ ಇಲ್ಲ” ಎಂದ ಶೇಕ್ಷಾವಲಿ. “ಒಂದು ಇಟ್ರ ನಡೀತೈತೇನು ಕೇಳ್ರಿ ಮಾಮಾರನ್ನ.”

ಎಲ್ಲರೂ ನಕ್ಕರು. ತಿಮ್ಮಾರೆಡ್ಡಿ ನಗಲಿಲ್ಲ. ಚಪ್ಪಲಿ ಮೆಟ್ಟಿ ಹೊರಟ, ಅವನ ಹಿಂದೆ ಬಹಳ ಜನ ಹೊರಟರು. ಆ ವಾರವೆಲ್ಲ ನಾಲ್ಕು ತಾಲೂಕುಗಳಲ್ಲಿ ಇದೇ ಮಾತು. ಒಂದು ಮನೆಯಲ್ಲಿ ಅಣ್ಣ ಕೈ ಇಡುವ ಕಡೆ, ತಮ್ಮ ಕಟ್ಟುವ ಕಡೆ. ಹುಲಿಗೆಮ್ಮ ಸೀರೆಗಳನ್ನು ಪಕ್ಕಕ್ಕಿಟ್ಟು ಬಸ್ಸು ಹತ್ತಿ ಮನೆಮನೆಗೆ ಹೋಗಿ ಹೇಳಿಬಂದಳು. ಎಷ್ಟು ಜನ ಒಪ್ಪಿದರೆಂದು ಅವಳಿಗೇ ತಿಳಿಯಲಿಲ್ಲ. ಹೂಂ ಎಂದವರ ಕೈಯನ್ನೂ ನಂಬುವಂತಿರಲಿಲ್ಲ.

*

ಏಳನೆಯ ಭಾನುವಾರ. ಗಾಜಿನ ಕೋಣೆ.

ಈ ಸಲ ದೃಶ್ಯ ಕಡಿದುಹೋದರೆ ಶಾಶ್ವತವಾಗಿ ಹೋಯಿತು. ಕನಿಷ್ಠ ನೂರೈವತ್ತಾರು ದೀಪ ಹನ್ನೊಂದು ನಿಮಿಷ ಉರಿಯಬೇಕು. ಪಂಪಾಪತಿ ಬೆಳಿಗ್ಗೆ ಆರಕ್ಕೇ ಬಂದು ಮುನ್ನೂರ ಹನ್ನೆರಡು ಪಟ್ಟಿಗಳನ್ನೂ ಕೈಯಿಂದ ಒತ್ತಿ ನೋಡಿದ್ದ. ತಂತಿಯ ತಪ್ಪಿನಿಂದ ಒಂದೂ ಆರಕೂಡದು.

ದಿಬ್ಬಣ ದಾಟಿತು. ಬಾಣಂತಿ ದಾಟಿದಳು. ಪೊಲೀಸರೂ ಕಳ್ಳನೂ ಒಂದೇ ಹರಿಗೋಲಿನಲ್ಲಿ ದಾಟಿದರು, ಜನ ನಕ್ಕರು, ಪಟ್ಟಿಗಳು ನಗುವನ್ನು ಅಳೆದವು. ಹೊಳೆಯ ದಡ ಖಾಲಿಯಾಯಿತು. ಮುದುಕಿ ಬಂದಳು.

ತಿಮ್ಮಾರೆಡ್ಡಿಯ ದೀಪ ಅದೇ ಕ್ಷಣ ಆರಿತು. ಅವನ ಸಾಲು ಪೂರ್ತಿ ಆರಿತು. ಫಲಕದ ಮೇಲೆ ಕತ್ತಲೆ ಹಿಂದಿನಿಂದ ಮುಂದಕ್ಕೆ ಹರಿದುಬಂತು. ಇನ್ನೂರ ಅರವತ್ತು. ಇನ್ನೂರ ಹತ್ತು. ನೂರ ತೊಂಬತ್ತು. ವಿನೋದಿನಿ ಮುಂದಕ್ಕೆ ಬಾಗಿದಳು. ಕಳೆದ ವಾರ ಈ ಹೊತ್ತಿಗೆ ಮೂವತ್ತು ದೀಪ ಉಳಿದಿರಲಿಲ್ಲ.

ಅವಳು ಪಂಪಾಪತಿಯನ್ನು ನೋಡಿದಳು. ಅವನು ಅವಳನ್ನು ನೋಡಲಿಲ್ಲ.

ಎರಡನೆಯ ನಿಮಿಷಕ್ಕೆ ನೂರ ಎಂಬತ್ತೊಂದು. ಸಂಖ್ಯೆ ನಿಂತಿತು ಎನ್ನುವಷ್ಟರಲ್ಲಿ ಮತ್ತೆ ಇಳಿಯತೊಡಗಿತು. ಕೈ ಇಡಲು ಬಂದವರಿಗೂ ತಡೆಯುತ್ತಿರಲಿಲ್ಲ. ದೀಪ ಆರುತ್ತದೆ, ಹತ್ತೊಂಬತ್ತನೆಯ ಸೆಕೆಂಡಿಗೆ ಗಾಬರಿಯಿಂದ ಮತ್ತೆ ಹತ್ತುತ್ತದೆ. ಹಲವರು ಒಂದು ಕೈ ಹಿಂದಿಟ್ಟು ಒಂದು ಕೈ ಪಟ್ಟಿಯ ಮೇಲಿಟ್ಟಿದ್ದರು. ಒಂದು ಕೈ ಇದ್ದರೂ ಯಂತ್ರಕ್ಕೆ ಹಾಜರಿಯೇ.

ಮೂರನೆಯ ಸಾಲು, ಹದಿನಾಲ್ಕನೆಯ ಕುರ್ಚಿ. ಎರಡೂ ಕೈ. ನಾಡಿ ನೂರ ಹದಿನೆಂಟು. ಬೆವರಿನ ಗೆರೆ ಫಲಕದ ಅಂಚು ಮುಟ್ಟಿತ್ತು. ಹಿಡಿತ ಎಷ್ಟು ಬಿಗಿಯೆಂದರೆ, ಮಧ್ಯಾಹ್ನ ಆ ಪಟ್ಟಿಯ ರಬ್ಬರು ಬದಲಿಸಬೇಕಾಗುತ್ತದೆ ಎಂದು ಪಂಪಾಪತಿಗೆ ತಿಳಿಯಿತು.

ಐದನೆಯ ನಿಮಿಷ, ನೂರ ಅರವತ್ತೆಂಟು. ಏಳನೆಯದು, ನೂರ ಅರವತ್ತೊಂದು.

ಒಂಬತ್ತನೆಯ ನಿಮಿಷಕ್ಕೆ ಹದಿನಾಲ್ಕನೆಯ ದೀಪ ಒಮ್ಮೆ ಮಿಟುಕಿತು. ಪಂಪಾಪತಿ ಗಾಜಿಗೆ ಕೈಯೂರಿದ. ದೀಪ ಆರಿತು. ಅವನು ಎಣಿಸತೊಡಗಿದ. ನಾಲ್ಕು, ಐದು, ಆರು. ಹತ್ತು. ಹದಿನೈದು. ಹದಿನಾರಕ್ಕೆ ದೀಪ ಹತ್ತಿತು. ಹತ್ತಿದ್ದು ಮತ್ತೆ ಆರಲಿಲ್ಲ. ನಾಡಿ ನೂರ ಮೂವತ್ತು.

ಹನ್ನೊಂದನೆಯ ನಿಮಿಷ ಮುಗಿದಾಗ ಫಲಕದಲ್ಲಿ ನೂರ ಐವತ್ತೊಂಬತ್ತು ದೀಪಗಳಿದ್ದವು. ಪರದೆಯ ಮೇಲೆ ಏನೋ ಚಲಿಸಿತು. ಕೆಳಗೆ ಕೆಲವರು ಬಿಕ್ಕಿದ್ದು ಗಾಜಿನ ಈಚೆಗೂ ಕೇಳಿಸಿತು. ಯಂತ್ರ ತನ್ನ ಕೊನೆಯ ವರದಿ ಬರೆಯಿತು: ದೃಶ್ಯ ಉಳಿಸಲಾಗಿದೆ. ಅವಧಿ ಹನ್ನೊಂದು ನಿಮಿಷ. ಕಾರಣ: ವೀಕ್ಷಕರು ಗಮನವಿಟ್ಟು ನೋಡಿದರು.

ವಿನೋದಿನಿ ಅದನ್ನು ಎರಡು ಸಲ ಓದಿದಳು. “ಯಾರು ಹೇಳಿದ್ದು ಇವರಿಗೆ?” ಎಂದಳು.

“ನಾನು” ಎಂದ ಪಂಪಾಪತಿ.

“ಯಾಕೆ ಹೇಳಿದ್ರಿ ಅಂತ ಕೇಳಲ್ಲ. ಮೇಲಕ್ಕೆ ತಿಳಿಸದೆ ಇರೋಕೂ ಆಗಲ್ಲ.”

“ತಿಳಸ್ರಿ.”

ಅವಳು ತಿಳಿಸಿದಳು. ಕಂಪನಿ ಒಂದು ತಾಸು ಚರ್ಚೆ ಮಾಡಿತು. ಏಳು ಭಾನುವಾರ ಮತ್ತೆ ಮೊದಲಿನಿಂದ ನಡೆಸಿದರೆ ಬಿಡುಗಡೆಯ ದಿನ ತಪ್ಪುತ್ತದೆ. ಆದ್ದರಿಂದ ವರದಿ ಸರಿಯಾಗಿದೆ ಎಂದು ತೀರ್ಮಾನವಾಯಿತು. ವರದಿ ಸರಿಯಿದ್ದ ಮೇಲೂ ಪಂಪಾಪತಿ ತಪ್ಪು ಮಾಡಿದ್ದಾನೆಂದೇ ಆಯಿತು. ನಾಳೆಯಿಂದ ಬರುವುದು ಬೇಡ ಎಂದರು. ಅವನು ಟಾರ್ಚನ್ನೂ ಸ್ಕ್ರೂಡ್ರೈವರನ್ನೂ ಮೇಜಿನ ಮೇಲಿಟ್ಟು, ಹದಿನಾಲ್ಕನೆಯ ಕುರ್ಚಿಯ ರಬ್ಬರು ಬದಲಿಸಿ, ಮನೆಗೆ ಹೊರಟ.

ಹೊರಗೆ ತಿಮ್ಮಾರೆಡ್ಡಿ ಸುತ್ತಲೂ ಜನ ಕೂಡಿಸಿಕೊಂಡು ನಿಂತಿದ್ದ. ಕಣ್ಣು ಕೆಂಪಾಗಿದ್ದವು. “ನೋಡಿದ್ರಿಲ್ಲೋ? ಅಷ್ಟು ಮಂದಿ ಮುಟ್ಟಿದ್ರೂ ಹತ್ತಿದ್ಲು. ಯಾಕ? ನಾವು ಕೈ ಕಟ್ಟಿದ್ವಿ, ಅದಕ್ಕ” ಎನ್ನುತ್ತಿದ್ದ. ಯಾರೂ ಎದುರಾಡಲಿಲ್ಲ. ಪಂಪಾಪತಿಯೂ ಆಡಲಿಲ್ಲ.

*

ಮನೆಗೆ ಬಂದಾಗ ಶೇಕ್ಷಾವಲಿ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ಹುಲಿಗೆಮ್ಮ ಬಾಗಿಲಿಗೆ ಒರಗಿ ಕೂತಿದ್ದಳು. ಅಂಗೈಗಳು ಕೆಂಪಾಗಿ ಉಬ್ಬಿದ್ದವು. ಅವುಗಳನ್ನು ಮಡಿಲಲ್ಲಿ ಮೇಲುಮುಖ ಮಾಡಿ ಇಟ್ಟುಕೊಂಡಿದ್ದಳು.

“ಉಳೀತು” ಎಂದ ಪಂಪಾಪತಿ. “ಹನ್ನೊಂದು ನಿಮಿಷಾನೂ. ಆಟದಾಗೂ ಇರತೈತಿ ಇನ್ನ.”

“ಕೇಳಿದೆ.”

“ನನ್ನ ತೆಗದ್ರು.”

“ಅ?”

“ನಾಳಿಂದ ಬರಬ್ಯಾಡ ಅಂದ್ರು. ಇರಲಿ ಬಿಡು. ಗಿರಣಿ ಇನ್ನೂ ಅದಾವ. ಹಳೇ ಮೋಟಾರು ಒಂದಾದ್ರೂ ಸುಡದ ಇರತೈತೇನು.” ಅವನು ಕಟ್ಟೆಯ ಮೇಲೆ ಕೂತ. “ನೋಡಿದ್ಯಲ್ಲ, ಸಾಕು.”

ಹುಲಿಗೆಮ್ಮ ತನ್ನ ಅಂಗೈಗಳನ್ನೇ ನೋಡಿದಳು. ಶೇಕ್ಷಾವಲಿ ನೆಲ ನೋಡಿದ.

“ಏನಾತು?”

“ನೋಡಲಿಲ್ಲ” ಎಂದಳು.

“ಎದುರಿಗೇ ಕುಂತಿದ್ದಿ!”

“ಕುಂತಿದ್ದೆ. ಕೈ ಪಟ್ಟಿ ಮ್ಯಾಲೆ ಇತ್ತಲ್ರೀ. ಒಂಬತ್ತನೇ ನಿಮಿಷಕ್ಕ ನಂಗ ತಡೀಲಿಲ್ಲ, ತೆಗದೆ. ಮತ್ತ ಇಟ್ಟೆ. ಇಟ್ಟ ಮ್ಯಾಲೆ, ಇನ್ನೇನು ಆಕಿ ತಿರುಗಿ ಹೋಗ್ತಾಳ ಅಂತ ಅನಿಸಿಬಿಟ್ತು. ಮತ್ತೊಮ್ಮೆ ಅದನ್ನ ನೋಡಾಕ ನನ್ನ ಕೈಲಿ ಆಗಂಗಿಲ್ಲ. ಕಣ್ಣು ಮುಚ್ಚಿಕೊಂಡೆ. ದೀಪ ಹಾಕಿದ ಮ್ಯಾಲೆ ತಗದೆ.”

“ನಾನೂ ಮುಚ್ಚಿದ್ದೆ ಮಾಮಾ” ಎಂದ ಶೇಕ್ಷಾವಲಿ. “ನನ್ನ ಸಾಲಿನ್ಯಾಗ ಕೈ ಇಟ್ಟಾವ್ರು ಎಲ್ಲರೂ ಮುಚ್ಚಿದ್ರು. ಕೈ ಕಟ್ಟಿದಾವ್ರು ಅಷ್ಟ ನೋಡ್ಯಾರ.” ಅವನು ಎದ್ದು ವ್ಯಾನಿನ ಕೀಲಿ ಹುಡುಕಿಕೊಂಡ. ಗಂಡ ಹೆಂಡತಿಯನ್ನು ಅವರಷ್ಟಕ್ಕೆ ಬಿಟ್ಟು ಹೊರಟುಹೋದ.

ಬೀದಿಯಲ್ಲಿ ಬಿಸಿಲು ಇಳಿಯುತ್ತಿತ್ತು. ಯಾರದೋ ಮನೆಯಲ್ಲಿ ಮಿಕ್ಸರು ಓಡುತ್ತಿತ್ತು.

“ನೀವು ಮ್ಯಾಲಿದ್ರಿ” ಎಂದಳು ಹುಲಿಗೆಮ್ಮ. “ಗಾಜಿನ್ಯಾಗಿಂದ ಪೂರಾ ಪರದೆ ಕಾಣತೈತಿ. ನಿಮಗ ಕೈ ಕಟ್ಟೋದು ಇಲ್ಲ, ಬಿಡೋದು ಇಲ್ಲ. ಬಳಗದ ನೇಮಾನೂ ನಿಮಗಿಲ್ಲ. ಹೇಳ್ರಿ. ಹೆಂಗ ಹತ್ತಿದ್ಲು?”

ಇಪ್ಪತ್ತೊಂದು ವರ್ಷದಲ್ಲಿ ಅವಳು ಯಾರನ್ನೂ ಈ ಪ್ರಶ್ನೆ ಕೇಳಿರಲಿಲ್ಲ.

ಪಂಪಾಪತಿ ಬಾಯಿ ತೆರೆದ. ಏನಾದರೂ ಹೇಳಬಹುದಿತ್ತು. ಅವಳು ನಂಬುತ್ತಿದ್ದಳು.

“ನೋಡಲಿಲ್ಲ ಹುಲಿಗಿ” ಎಂದ. “ನಿನ್ನ ದೀಪ ನೋಡಾಕತ್ತಿದ್ದೆ.”

ಅವಳು ಅವನ ಮುಖವನ್ನೇ ನೋಡಿದಳು.

“ಒಂದ ಒಂದು ಕೆಲಸ ನೆಟ್ಟಗ ಮಾಡಂಗಿಲ್ಲ ನೀವು” ಎಂದಳು. ಉಬ್ಬಿದ ಅಂಗೈಯನ್ನು ನೆಲಕ್ಕೂರಲಾಗದೆ, ಅವನ ಭುಜ ಹಿಡಿದು ಮೇಲೆದ್ದು, ಊಟಕ್ಕೆ ಇಡಲು ಒಳಗೆ ಹೋದಳು.